ಹೆಗಲು ಕೊಟ್ಟವರ ಗುಡಿ: ದುರ್ಗದ ಸೀಮೆಯ ಅಮ್ಮಂದಿರು ಮತ್ತು ಮಧುಗಿರಿಯ ದಂಡಿನ ಮಾರಮ್ಮ

ದೇವಸ್ಥಾನದ ಚರಿತ್ರೆ ಬರೆಯಲು ಕೂತವರು ಮೊದಲು ಹುಡುಕುವುದು ಶಾಸನವನ್ನು. ಕಟ್ಟಿಸಿದ ದೊರೆ ಯಾರು, ಬಿಟ್ಟ ದತ್ತಿ ಎಷ್ಟು, ಸಂವತ್ಸರ ಯಾವುದು ಎಂಬುದು ಸಿಕ್ಕಿದರೆ ಅರ್ಧ ಲೇಖನ ಮುಗಿದಂತೆ. ಗ್ರಾಮದೇವತೆಯ ಗುಡಿಗೆ ಬಂದಾಗ ಈ ದಾರಿ ಸಾಮಾನ್ಯವಾಗಿ ಅಲ್ಲಿಗೇ ಕೊನೆಯಾಗುತ್ತದೆ. ಬೇವಿನ ಮರದ ಬುಡದಲ್ಲಿ ಅರಿಶಿನ ಮೆತ್ತಿದ ಒಂದು ಗುಂಡುಕಲ್ಲು, ಅದರ ಮೇಲೆ ಯಾವಾಗಲೋ ಎದ್ದ ನಾಲ್ಕು ಗೋಡೆ, ಆಮೇಲೆ ತಾರಸಿ, ಅದರಾಚೆ ಬಣ್ಣದ ಗೋಪುರ. ಇವುಗಳಲ್ಲಿ ಯಾವುದಕ್ಕೂ ಕಲ್ಲಿನ ಮೇಲೆ ಕೊರೆದ ದಾಖಲೆ ಇರುವುದು ಅಪರೂಪ. ಆದರೆ ಈ ಗುಡಿಗಳು ಚರಿತ್ರೆ ಇಲ್ಲದವುಗಳೇನಲ್ಲ. ಅವುಗಳ ಚರಿತ್ರೆ ಯಾರು ತಮಟೆ ಬಾರಿಸಬೇಕು, ಯಾರು ಹೊಸ ಮಡಕೆ ತರಬೇಕು, ಯಾರು ಪಂಜು ಹಿಡಿಯಬೇಕು, ಯಾರ ಮನೆಯ ಆರತಿ ಮೊದಲು ಹೊರಡಬೇಕು ಎಂಬ ಕಟ್ಟಳೆಗಳಲ್ಲಿ ಉಳಿದಿದೆ. ಜಾತ್ರೆಯ ನೆನಪಿಗಾಗಿ ಹೊರಡುವ ಸಂಚಿಕೆಯಲ್ಲಿ ಅಮ್ಮನ ಮಹಿಮೆಯ ಜೊತೆಗೆ ಈ ಕಟ್ಟಳೆಗಳಿಗೂ ಒಂದಿಷ್ಟು ಪುಟ ಸಲ್ಲಬೇಕು. ಗುಡಿಯನ್ನು ಹೊತ್ತು ನಡೆಸಿದ್ದು ಅವೇ.

ದುರ್ಗಗಳ ನೆರಳಿನ ನಾಡು

ಚನ್ನರಾಯನದುರ್ಗ ಇಂದು ಕೊರಟಗೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಸ್ಸಿನ ಬೋರ್ಡಿನಲ್ಲೂ ಜನರ ಬಾಯಲ್ಲೂ ಅದು ‘ಸಿ.ಎನ್. ದುರ್ಗ’. ಊರ ನೆತ್ತಿಯ ಮೇಲಿನ ಬೆಟ್ಟದಲ್ಲಿ ಹಾಳುಬಿದ್ದ ಕೋಟೆಯಿದೆ. ಅದನ್ನು ಬಲಪಡಿಸಿದವನು ಮಧುಗಿರಿಯ ಪಾಳೆಯಗಾರರ ಮನೆತನದ ಚಿಕ್ಕಪ್ಪಗೌಡ ಎಂದು ಗ್ಯಾಸೆಟಿಯರುಗಳು ಹೇಳುತ್ತವೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಇಂದಿನ ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ವರ್ಷದ ಬಹುಪಾಲು ಅವಳದು ಮರಳಿನ ಹಾಸಿಗೆಯೇ.

1800ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಮತ್ತು ಚನ್ನರಾಯನದುರ್ಗದ ಕಬ್ಬಿಣದ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಹರಿದು ಬರುವ ಹಳ್ಳಗಳು ಹೊತ್ತು ತರುವ ಕರಿಮರಳನ್ನು ಗೋರಿ, ತೊಳೆದು, ಇದ್ದಿಲಿನಲ್ಲಿ ಕಾಯಿಸಿ ಇಲ್ಲಿನವರು ಕಬ್ಬಿಣ ತೆಗೆಯುತ್ತಿದ್ದರು. ಆಗ ಚನ್ನರಾಯನದುರ್ಗವೇ ಒಂದು ತಾಲ್ಲೂಕು. ಮಳೆ ಬಂದರೆ ಹೊಲಕ್ಕೆ ನೀರು, ಕುಲುಮೆಗೆ ಮರಳು. ಮಳೆ ಕೈಕೊಟ್ಟರೆ ಎರಡೂ ಇಲ್ಲ.

ಮಧುಗಿರಿ ಕೋಟೆಯ ಹುಟ್ಟಿನ ಕಥೆಯೂ ನೀರಿನದೇ. ಏಕಶಿಲೆಯ ಆ ಬೆಟ್ಟದ ಮೇಲೆ ಮೇಯಲು ಹೋದ ಕುರಿಯೊಂದು ಸಂಜೆ ಮೈಯೆಲ್ಲ ತೊಯ್ದು ಇಳಿಯಿತಂತೆ. ಮೇಲೆ ಒರತೆಯಿದೆ ಎಂದು ತಿಳಿದ ರಾಜ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಅದು 1670ರ ಸುಮಾರಿನ ಮಾತು. ಕಲ್ಲಿನ ಕೋಟೆ ಹೈದರಾಲಿಯ ಕಾಲದ್ದು. ಹೀಗೆ ಮಳೆಯನ್ನೂ ಒರತೆಯನ್ನೂ ನಂಬಿದ ನಾಡಿನಲ್ಲಿ ಊರಿಗೊಬ್ಬ ಅಮ್ಮ ಇದ್ದಾಳೆ. ಕೆಲವೆಡೆ ಮಾರಮ್ಮ, ಕೆಲವೆಡೆ ಕೆಂಪಮ್ಮ, ದುರ್ಗಮ್ಮ, ಮುತ್ಯಾಲಮ್ಮ, ಚೌಡಮ್ಮ. ತೆಲುಗು ಮಾತು ಬೆರೆತ ಪಾವಗಡದ ಕಡೆ ಹೆಸರಿನ ಜೊತೆಗೆ ಹಾಡಿನ ಭಾಷೆಯೂ ಬದಲಾಗುತ್ತದೆ. ಒಬ್ಬರ ಅಮ್ಮ ಮತ್ತೊಬ್ಬರ ಅಮ್ಮನಿಗೆ ಅಕ್ಕನೋ ತಂಗಿಯೋ ಆಗಿರುವುದು ಮಾತ್ರ ಎಲ್ಲ ಕಡೆಯೂ ಒಂದೇ.

ದಂಡಿನ ಜೊತೆ ಬಂದವಳು

ಈ ನಾಲ್ಕು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಜನ ನಡೆದುಕೊಳ್ಳುವ ಅಮ್ಮಂದಿರಲ್ಲಿ ಮಧುಗಿರಿಯ ದಂಡಿನ ಮಾರಮ್ಮ ಮುಖ್ಯಳು. ಸೈನ್ಯಕ್ಕೂ ಸೈನ್ಯ ಬೀಡುಬಿಟ್ಟ ಜಾಗಕ್ಕೂ ದಂಡು ಎಂದೇ ಹೆಸರು. ದಂಡಿನ ಹೆಸರು ಹೊತ್ತ ಅಮ್ಮಂದಿರು ಬೇರೆ ಊರುಗಳಲ್ಲೂ ಇದ್ದಾರೆ. ಬೆಂಗಳೂರಿನ ಶಿವಾಜಿನಗರದಲ್ಲಿ ದಂಡು ಮಾರಿಯಮ್ಮ ಇದ್ದಾಳೆ. ಕೊಯಮತ್ತೂರಿನ ತಂಡು ಮಾರಿಯಮ್ಮನ ಸ್ಥಳಕಥೆ ಟಿಪ್ಪುವಿನ ಪಾಳೆಯದ ಸಿಪಾಯಿಯೊಬ್ಬನ ಕನಸಿನಿಂದ ಶುರುವಾಗುತ್ತದೆ. ಮಧುಗಿರಿಯ ಮಟ್ಟಿಗೆ ದಂಡು ಎಂಬುದು ಬರೀ ಹೆಸರಾಗಿ ಬಂದದ್ದಲ್ಲ ಎನ್ನಲು ಊರಿನ ಚರಿತ್ರೆಯೇ ಸಾಕು.

1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಬಹುಕಾಲದ ಮುತ್ತಿಗೆಯ ನಂತರ ಮಧುಗಿರಿಯನ್ನು ಹಿಡಿಯಿತು. ಗೌಡರ ಮನೆತನದ ರಾಮಗೌಡ, ತಿಮ್ಮಗೌಡರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಮುಂದೆ ಬಿಡುಗಡೆಯಾಗಿ ಮಿಡಿಗೇಶಿಯಲ್ಲಿ ನೆಲೆನಿಂತರು. 1687ರಲ್ಲಿ ಶಿರಾ ಮೊಗಲರ ಸುಬಾ ಆಯಿತು. ಅಲ್ಲಿಂದ ಮುಂದಿನ ನೂರು ವರ್ಷ ಈ ನಾಡಿನಲ್ಲಿ ಕುದುರೆಗಳ ಗೊರಸಿನ ಸದ್ದು ನಿಂತದ್ದು ಕಡಿಮೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ತಂದು ಕೂಡಿಹಾಕಿದ್ದು ಇದೇ ಮಧುಗಿರಿ ಬೆಟ್ಟದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿತು. ಪುಣೆಯ ದಾರಿಯಲ್ಲೇ ಆಕೆ ತೀರಿಕೊಂಡಳು. 1791-92ರ ಮೂರನೆಯ ಮೈಸೂರು ಯುದ್ಧದಲ್ಲಿ ಮರಾಠರ ಪಡೆಗಳು ಮತ್ತೆ ಈ ಸೀಮೆಯನ್ನು ತುಳಿದವು. ಎಂಟೇ ವರ್ಷದ ನಂತರ ಬಂದ ಬುಕಾನನ್‌ನಿಗೆ ಪಾಳುಬಿದ್ದ ಹಳ್ಳಿಗಳು ಕಂಡದ್ದು ಇದೇ ಕಾರಣಕ್ಕೆ.

ಇಂಥ ನಾಡಿನಲ್ಲಿ ದಂಡಿಗೊಬ್ಬ ಮಾರಮ್ಮ ಹುಟ್ಟಿದ್ದು ಹೇಗೆ ಎಂಬುದನ್ನು ಭಕ್ತಿಯ ಕಣ್ಣಿನಿಂದ ನೋಡಿದರೆ ಒಂದು ಉತ್ತರ ಸಿಗುತ್ತದೆ: ಕಾದಾಟಕ್ಕೆ ಹೊರಟವರು ಕಾಯುವವಳನ್ನು ಜೊತೆಗೆ ಕರೆತಂದರು. ಆಗಿನ ಯುದ್ಧಗಳ ರೀತಿಯನ್ನು ನೋಡಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ಸಾವಿರಾರು ಜನ, ಅಷ್ಟೇ ಎತ್ತು, ಕುದುರೆಗಳು ಒಂದೇ ಕೆರೆಯ ನೀರು ಕುಡಿದು ವಾರಗಟ್ಟಲೆ ಬೀಡುಬಿಟ್ಟರೆ ಅಲ್ಲಿ ಸಿಡುಬೂ ವಾಂತಿಭೇದಿಯೂ ಹಬ್ಬುತ್ತಿದ್ದವು. ದಂಡು ಹೊರಟುಹೋದರೂ ಬೇನೆ ಊರಲ್ಲಿ ಉಳಿಯುತ್ತಿತ್ತು. ಕತ್ತಿಗಿಂತ ಅದಕ್ಕೆ ಬಲಿಯಾದವರೇ ಹೆಚ್ಚಿರಬೇಕು. ಸೈನ್ಯದ ದೇವತೆಯೂ ಬೇನೆಯ ದೇವತೆಯೂ ಒಬ್ಬಳೇ ಆಗಿರುವುದಕ್ಕೆ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಅಮ್ಮ ಬಂದ ಮನೆ

ಸಿಡುಬು ಎದ್ದ ಮನೆಯಲ್ಲಿ ಯಾರೂ ಆ ರೋಗದ ಹೆಸರೆತ್ತುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’, ‘ಮಗೀಗೆ ಅಮ್ಮ ಆಗದೆ’ ಎಂದಷ್ಟೇ ಹೇಳುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹೊರಗಿನವರು ಒಳಗೆ ಬರಬಾರದೆಂದು ಅರ್ಥ. ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮಾಂಸ ಬೇಯಿಸುವಂತಿಲ್ಲ, ಬಂಧುಬಳಗ ಬರುವಂತಿಲ್ಲ. ಕಾಯಿಲೆಯವರಿಗೆ ಮೊಸರನ್ನ, ಎಳನೀರು, ಅಂಬಲಿ. ಮೈಗೆ ಬೇವಿನೆಲೆಯ ಗಾಳಿ. ಗುಣವಾದ ಮೇಲೆ ಬೇವಿನ ನೀರಿನ ಸ್ನಾನ, ಆಮೇಲೆ ಅಮ್ಮನ ಗುಡಿಗೆ ತಂಪು. ವೈದ್ಯರು ಪ್ರತ್ಯೇಕವಾಸ ಎನ್ನುವುದನ್ನು ಊರು ಮಡಿ ಎಂದು ಕರೆದು ಪಾಲಿಸಿತ್ತು. ಕೊಪ್ಪರಿಗೆಯಷ್ಟು ಮೊಸರನ್ನ ಇಂದಿಗೂ ಅಮ್ಮನ ಮುಂದೆ ರಾಶಿಯಾಗುವುದು ಆ ತಂಪಿನ ನೆನಪಿಗೇ.

ದೇವಿಯನ್ನು ನಂಬಿದವರು ಲಸಿಕೆಗೆ ಎದುರಾಗಿದ್ದರು ಎಂದು ಒಂದೇ ಮಾತಿನಲ್ಲಿ ಹೇಳುವುದು ವಾಡಿಕೆ. ಕೆಲವೆಡೆ ವಿರೋಧ ಇದ್ದದ್ದು ನಿಜ. ಆದರೆ ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಹಾಕಿದ್ದು 1802ರಲ್ಲಿ, ಮುಂಬಯಿಯಲ್ಲಿ. ಮೂರೇ ವರ್ಷದಲ್ಲಿ ಮೈಸೂರು ಅರಮನೆಯ ಹೆಂಗಸರು ಚಿತ್ರಕಾರ ಥಾಮಸ್ ಹಿಕ್ಕಿಯ ಮುಂದೆ ನಿಂತ ಚಿತ್ರ ಬಂತು. ಅದರಲ್ಲಿ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕೆಂದೇ ಇರಬೇಕು ಎಂದು ಇತಿಹಾಸಕಾರರು ಊಹಿಸಿದ್ದಾರೆ. ಅರಮನೆ ದೇವಿಯನ್ನೂ ಬಿಡಲಿಲ್ಲ, ಸೂಜಿಯನ್ನೂ ಬಿಡಲಿಲ್ಲ. ಹಳ್ಳಿಯವರೂ ಕಾಲಕ್ರಮದಲ್ಲಿ ಹಿಡಿದದ್ದು ಇದೇ ದಾರಿ. ಮಗುವಿಗೆ ದಾಕು ಹಾಕಿಸಿ ಅಮ್ಮನಿಗೆ ತಂಬಿಟ್ಟು ಕೊಡುವುದರಲ್ಲಿ ಅವರಿಗೆ ಇಬ್ಬಂದಿ ಕಾಣಲಿಲ್ಲ.

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿತು. ಇಲಿ ಬಿದ್ದ ಸುದ್ದಿ ಬಂದ ಕೂಡಲೇ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹೊಸ ಬೇನೆಗೆ ಹೊಸ ಅಮ್ಮ ಹುಟ್ಟಿ, ಪ್ಲೇಗಿನಮ್ಮನ ಗುಡಿಗಳು ಎದ್ದವು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ಪ್ರಕರಣ ದಾಖಲಾಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗವೇ ಭೂಮಿಯ ಮೇಲಿಲ್ಲ ಎಂದು ಸಾರಿತು. ಮಾರಮ್ಮನ ಜಾತ್ರೆ ಮಾತ್ರ ಸಣ್ಣದಾಗಲಿಲ್ಲ. ಸಿಡುಬು ಹೋದ ಮೇಲೆ ದೊಡ್ಡಮ್ಮ, ಚಿಕ್ಕಮ್ಮ, ತಟ್ಟಮ್ಮ ಎಂಬ ಹೆಸರುಗಳು ದಡಾರ, ಸೀತಾಳೆಗಳಿಗೆ ಉಳಿದುಕೊಂಡವು. ಹರಕೆಯ ಪಟ್ಟಿಗೆ ಕೊಳವೆಬಾವಿಯ ನೀರು, ಮಗಳ ಮದುವೆ, ಮಗನ ಕೆಲಸ ಸೇರಿದವು. ಪಾವಗಡಕ್ಕೆ ಶನೈಶ್ಚರನ ದರ್ಶನಕ್ಕೆಂದು ಬರುವವರು ಅದೇ ಆವರಣದಲ್ಲಿ ಶೀತಲಾಂಬೆಗೂ ಕೈಮುಗಿಯುತ್ತಾರೆ. ಬೇನೆಯನ್ನು ತಣಿಸುವ ತಾಯಿಯ ಇನ್ನೊಂದು ಹೆಸರು ಅದು.

ಬರ ಮತ್ತು ಗಡಿ

ಅಮ್ಮನ ಮೊದಲ ಅಧಿಕಾರ ಬೇನೆಯ ಮೇಲೆ, ಎರಡನೆಯದು ಮಳೆಯ ಮೇಲೆ. 1876-78ರ ಬರವನ್ನು ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಎಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸಂಸ್ಥಾನದ ಪೂರ್ವದ ಒಣಸೀಮೆ ಆ ಪೆಟ್ಟು ತಿಂದ ಭಾಗಗಳಲ್ಲಿ ಒಂದು. ಇದೇ ನೆಲದ ನೆರೆಯಲ್ಲಿ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಸಂಸ್ಥಾನ ದೊಡ್ಡ ಅಣೆಕಟ್ಟು ಕಟ್ಟಿಸಿತು. ಸರ್ಕಾರ ಅದಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರಿಟ್ಟಿತು. ಕಣಿವೆಯಲ್ಲಿ ಕೂತಿದ್ದ ಮಾರಮ್ಮನ ಹೆಸರಿನಿಂದ ಜನ ಇಂದಿಗೂ ಅದನ್ನು ಮಾರಿಕಣಿವೆ ಎನ್ನುತ್ತಾರೆ.

ಮೂರನೆಯ ಅಧಿಕಾರ ಗಡಿಯದು. ಗ್ರಾಮದೇವತೆಗೆ ಸಲ್ಲುವ ಪೂಜೆಯಲ್ಲಿ ಊರ ಎಲ್ಲೆಯನ್ನು ಸುತ್ತಿ ಬರುವ ಕ್ರಮ ಇರುತ್ತದೆ. ಬೇಯಿಸಿದ ಅನ್ನವನ್ನು ಬೇವಿನ ಸೊಪ್ಪಿನೊಂದಿಗೆ ಬೆರೆಸಿ ರಾತ್ರಿ ಹೊತ್ತು ಹೊಲಗಳ ಮೇಲೆ, ಎಲ್ಲೆಯ ಕಲ್ಲುಗಳ ಬಳಿ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಊರಬಾಗಿಲಿನ ಕರಗಲ್ಲಿಗೂ ಪೂಜೆಯಿದೆ. ಸರ್ವೆಯವರು ಬರುವುದಕ್ಕೆ ಮೊದಲೇ ಊರಿನ ಮೇರೆ ಯಾವುದು ಎಂಬುದನ್ನು ವರ್ಷಕ್ಕೊಮ್ಮೆ ನಡೆದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇದು. ಜಾತ್ರೆ ಮುಗಿದ ಮೇಲೆ ಮಾರಿಯನ್ನು ಗಡಿಗೆ ಸಾಗಹಾಕುವುದೂ ಇದರ ಭಾಗವೇ. ಪಕ್ಕದೂರಿನವರು ತಮ್ಮ ಗಡಿಯಲ್ಲಿ ಕಾದು ನಿಲ್ಲುತ್ತಿದ್ದುದು, ಮಾರಿ ತಮ್ಮ ಕಡೆ ಬಂದರೆ ಬೇನೆಯೂ ಬರುತ್ತದೆಂದು ಜಗಳವಾಗುತ್ತಿದ್ದುದು ಹಳಬರ ಮಾತುಗಳಲ್ಲಿ ಇನ್ನೂ ಇವೆ.

ಜಾತ್ರೆಯ ನಡೆ

ದಂಡಿನ ಮಾರಮ್ಮನ ಜಾತ್ರೆ ಸುಗ್ಗಿ ಮುಗಿದು ಕಣ ಖಾಲಿಯಾದ ಹೊತ್ತಿಗೆ, ಬಿಸಿಲು ಏರುವ ಫಾಲ್ಗುಣದ ಆಸುಪಾಸಿನಲ್ಲಿ ಬರುತ್ತದೆ. ಹಲವು ದಿನಗಳ ಈ ಉತ್ಸವದಲ್ಲಿ ಆರತಿ, ಮೆರವಣಿಗೆ, ತೇರು ಎಲ್ಲವೂ ಇವೆ. ಜೊತೆಗೆ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಸಿಂಗರಿಸಿ ಸಾಲಾಗಿ ಕಟ್ಟಿ, ಹಲ್ಲು ನೋಡಿ, ಸುಳಿ ನೋಡಿ, ಟವಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವ ಜಾಗ ಅದು. ಉಳುಮೆಯೆಲ್ಲ ಟ್ರ್ಯಾಕ್ಟರಿನ ಪಾಲಾದ ಮೇಲೂ ಎತ್ತು ಸಾಕುವ ಹೆಮ್ಮೆ ಈ ಸೀಮೆಯಲ್ಲಿ ಪೂರ್ತಿ ಆರಿಲ್ಲ. ಆಂಧ್ರದ ಗಡಿಯಿಂದಲೂ ಭಕ್ತರು ಬರುತ್ತಾರೆ. ಬಳೆ, ಬತ್ತಾಸು, ಕಡ್ಲೆಪುರಿಯ ಅಂಗಡಿಗಳ ಸಾಲಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ.

ದೊಡ್ಡ ಊರಿನ ಜಾತ್ರೆಯಲ್ಲಿ ತೇರು ಎದ್ದು ಕಾಣುತ್ತದೆ. ಸುತ್ತಲ ಹಳ್ಳಿಗಳ ಮಾರಿಹಬ್ಬಗಳಲ್ಲಿ ಆಚರಣೆಯ ಹಳೆಯ ಎಲುಬುಗೂಡು ಇನ್ನೂ ಸ್ಪಷ್ಟ. ಅದು ಶುರುವಾಗುವುದು ಸಾರು ಹಾಕುವುದರಿಂದ. ತಳವಾರನೋ ತೋಟಿಯೋ ತಮಟೆ ಬಾರಿಸಿ ಇಂಥ ವಾರ ಅಮ್ಮನ ಹಬ್ಬ ಎಂದು ಕೇರಿಕೇರಿಯಲ್ಲಿ ಸಾರಿದ ಮೇಲೆ ಊರು ಕಟ್ಟಿಗೆ ಒಳಪಟ್ಟಂತೆ. ಅಲ್ಲಿಂದ ಹಬ್ಬದವರೆಗೆ ಹಸಿಮರ ಕಡಿಯುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ, ಊರಿನವರು ಹೊರಗೆ ರಾತ್ರಿ ಕಳೆಯುವಂತಿಲ್ಲ. ಮನೆಗಳಿಗೆ ಸುಣ್ಣ, ಕೆಮ್ಮಣ್ಣು ಬೀಳುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಕರೆ ಹೋಗುತ್ತದೆ.

ಹಬ್ಬದ ದಿನ ಸಂಜೆ ಅಕ್ಕಿಹಿಟ್ಟು, ಬೆಲ್ಲದ ತಂಬಿಟ್ಟಿನ ಮೇಲೆ ದೀಪ ಹಚ್ಚಿ, ಹೂವು ಸುತ್ತಿದ ಆರತಿಗಳನ್ನು ತಲೆಯ ಮೇಲೆ ಹೊತ್ತು ಹೆಣ್ಣುಮಕ್ಕಳು ಸಾಲಾಗಿ ಹೊರಡುತ್ತಾರೆ. ಮುಂದೆ ತಮಟೆ, ಉರುಮೆ. ಹಿಂದೆ ಪಂಜು. ಅಮ್ಮನಿಗೆ ಮಡಿಲಕ್ಕಿ, ಹಸಿರು ಬಳೆ, ಸೀರೆ. ಕೆಲವರಿಗೆ ಬೇವಿನ ಸೊಪ್ಪನ್ನೇ ಉಟ್ಟು ಗುಡಿ ಸುತ್ತುವ ಹರಕೆ, ಕೆಲವರಿಗೆ ಬಾಯಿಬೀಗ, ಕೆಲವೆಡೆ ಕೊಂಡ ಹಾಯುವುದು. ಅಸಾದಿಗಳು ರಾತ್ರಿಯೆಲ್ಲ ಅಮ್ಮನ ಕಥೆ ಹಾಡುತ್ತಾರೆ. ಹೊಗಳುವ ಹಕ್ಕಿನಂತೆಯೇ ಅಮ್ಮನನ್ನೂ ಊರ ದೊಡ್ಡವರನ್ನೂ ಬಾಯಿತುಂಬ ಬಯ್ಯುವ ಹಕ್ಕೂ ಆ ರಾತ್ರಿ ಅವರಿಗಿರುತ್ತಿತ್ತು. ಮರುದಿನ ನೆಂಟರಿಷ್ಟರಿಗೆ ಬಾಡೂಟ.

ಈ ಒಂದೊಂದು ಕೆಲಸಕ್ಕೂ ಒಂದೊಂದು ಮನೆತನ ಗೊತ್ತಾಗಿತ್ತು. ಹೊಸ ಮಡಕೆ, ಹಣತೆ ಕುಂಬಾರರದು. ದಾರಿಗೆ ಮಡಿ ಹಾಸುವುದು, ಪಂಜು ಹಿಡಿಯುವುದು ಮಡಿವಾಳರದು. ತೇರಿನ ಅಚ್ಚು, ಉಯ್ಯಾಲೆಯ ಮಣೆ ಆಚಾರಿಯದು. ಹೂವು ಹೂವಾಡಿಗರದು. ಕೆರೆಯ ತೂಬು ನೋಡುವ ನೀರಗಂಟಿಗೂ ಒಂದು ಪಾಲು. ಸಾರುವುದು, ತಮಟೆ, ಸೌದೆ ಹೊರೆ, ಮಾರಿಯನ್ನು ಗಡಿ ದಾಟಿಸುವ ಅತ್ಯಂತ ಅಪಾಯದ ಕೆಲಸ ಹೊಲಗೇರಿ, ಮಾದಿಗರ ಕೇರಿಗಳದ್ದು. ಗೌಡ, ಶಾನುಭೋಗರಿಗೆ ಮೊದಲ ತಾಂಬೂಲ. ಗುಡಿಯ ಪೂಜಾರಿ ಹೆಚ್ಚಿನ ಕಡೆ ಬ್ರಾಹ್ಮಣನಲ್ಲ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣದ ಗ್ರಾಮದೇವತೆಗಳ ಮೇಲೆ ಬರೆದ ಪುಸ್ತಕದಲ್ಲಿ ಗುರುತಿಸಿದ ಎರಡು ಲಕ್ಷಣಗಳಿವು: ದೇವರು ಬಹುತೇಕ ಹೆಣ್ಣು, ಪೂಜೆ ಬಹುತೇಕ ಬ್ರಾಹ್ಮಣೇತರರದು.

ಈ ಹಂಚಿಕೆಯನ್ನು ಸೌಹಾರ್ದದ ಚಿತ್ರವೆಂದಷ್ಟೇ ಹೊಗಳಿ ಮುಂದೆ ಹೋದರೆ ಅನ್ಯಾಯವಾಗುತ್ತದೆ. ತಮಟೆ ಇಲ್ಲದೆ ಅಮ್ಮ ಏಳುವುದಿಲ್ಲ ಎನ್ನುತ್ತಿದ್ದ ಊರು ತಮಟೆ ಬಾರಿಸಿದವನನ್ನು ಗುಡಿಯ ಒಳಗೆ ಬಿಡುತ್ತಿರಲಿಲ್ಲ. ಕೀಳುಜಾತಿಯವನೊಬ್ಬ ಜಾತಿ ಮುಚ್ಚಿಟ್ಟು ಅಮ್ಮನನ್ನು ಮದುವೆಯಾದ, ಗುಟ್ಟು ತಿಳಿದಾಗ ಅಮ್ಮ ಕೆರಳಿ ಅವನು ಕೋಣನಾದ ಎಂಬ ಕಥೆ ದಕ್ಷಿಣದ ಊರೂರಲ್ಲಿ ಇದೆ. ಆ ಕೋಣನನ್ನು ವರ್ಷವರ್ಷ ಕಡಿಯುವಾಗ ಕಥೆಯ ಯಾವ ಭಾಗ ಯಾರನ್ನು ಚುಚ್ಚುತ್ತಿತ್ತು ಎಂಬುದನ್ನು ಕೇಳಿಸಿಕೊಂಡವರು ಬಲ್ಲರು. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಊರುಗಳಲ್ಲಿ ದಲಿತ ಯುವಕರು ಬಿಟ್ಟಿಯಾಗಿ ತಮಟೆ ಬಾರಿಸುವುದಿಲ್ಲ ಎಂದದ್ದು ಪರಂಪರೆಗೆ ಬಂದ ಕುತ್ತು ಎಂದು ಗೊಣಗುವವರಿದ್ದಾರೆ. ಹೆಗಲು ಕೊಟ್ಟವರು ಲೆಕ್ಕ ಕೇಳಿದ್ದು ಎಂದು ಅದನ್ನು ಓದುವುದು ಹೆಚ್ಚು ಸರಿ.

ಕಾನೂನು ಗುಡಿಯೊಳಗೆ ಬಂದದ್ದು

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸುಮಾರು ಹದಿನೈದೇ ವರ್ಷಗಳಲ್ಲಿ ಬಂದ ಕಾಯಿದೆಗಳು ಗ್ರಾಮದೇವತೆಯ ಗುಡಿಯನ್ನು ಅದುವರೆಗಿನ ಯಾವ ದಂಡಿಗಿಂತಲೂ ಹೆಚ್ಚು ಬದಲಾಯಿಸಿದವು. 1948ರಲ್ಲಿ ಮೈಸೂರಿನ ದೇವಾಲಯ ಪ್ರವೇಶದ ಕಾಯಿದೆ ಬಂತು. 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧವಾಗಿಸಿದ ಕೇಂದ್ರದ ಕಾಯಿದೆ. ಅದೇ ವರ್ಷ ಮೈಸೂರಿನ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ. 1959ರಲ್ಲಿ ಪ್ರಾಣಿಬಲಿ ನಿಷೇಧ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಯಾಯಿತು.

ಬಲಿ ನಿಷೇಧದ ಬಗ್ಗೆ ಚರ್ಚೆಯಾದಷ್ಟು ಕೊನೆಯ ಕಾಯಿದೆಯ ಬಗ್ಗೆ ಆಗಿಲ್ಲ. ಗುಡಿಯ ದೃಷ್ಟಿಯಿಂದ ಹೆಚ್ಚು ಆಳವಾದ ಪರಿಣಾಮ ಅದರದ್ದೇ. ಪಟೇಲ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿಗಳಿಗೂ ಊರಿನ ಚಾಕರಿಗೆ ಪ್ರತಿಯಾಗಿ ಇನಾಮು ಜಮೀನು ಇತ್ತು. ಅಮ್ಮನ ಹಬ್ಬದ ಕೆಲಸ ಆ ಚಾಕರಿಯ ಜೊತೆಯಲ್ಲೇ ಬಂದದ್ದು. ಕಾಯಿದೆ ಹುದ್ದೆಯನ್ನು ತೆಗೆದು, ಜಮೀನನ್ನು ಅನುಭವದಲ್ಲಿದ್ದವರಿಗೇ ಮರುಮಂಜೂರು ಮಾಡಿಕೊಟ್ಟಿತು. ಭೂಮಿ ಸ್ವಂತದ್ದಾಯಿತು, ಚಾಕರಿಯ ಹಂಗು ಬಿಟ್ಟಿತು. ತಲೆಮಾರುಗಳ ಬಿಟ್ಟಿಯಿಂದ ಬಿಡುಗಡೆಯಾದವರಿಗೆ ಇದು ದೊಡ್ಡ ನ್ಯಾಯ. ಅದೇ ಹೊತ್ತಿಗೆ ಜಾತ್ರೆಯ ಪ್ರತಿ ಕೆಲಸವೂ ‘ನಮ್ಮ ಪಾಲಿಗೆ ಬಂದದ್ದು’ ಎಂಬ ಬಾಧ್ಯತೆಯಿಂದ ‘ನಾವಾಗಿ ಮಾಡುವುದು’ ಎಂಬ ಒಪ್ಪಿಗೆಗೆ ಬಂದು ನಿಂತಿತು. ಅಂದಿನಿಂದ ಇಂದಿನವರೆಗೆ ಹಬ್ಬ ನಡೆದಿದ್ದರೆ ಅದಕ್ಕೆ ಕಾರಣ ಯಾವ ಇನಾಮೂ ಅಲ್ಲ. ಕೂಲಿ ಕೊಟ್ಟು ಕರೆದವರೂ ಇದ್ದಾರೆ, ನಂಬಿಕೆಯಿಂದ ಬಂದವರೂ ಇದ್ದಾರೆ, ತಮ್ಮ ಮನೆತನದ ಮರ್ಯಾದೆ ಬಿಡಬಾರದೆಂದು ಬೆಂಗಳೂರಿನ ಗಾರ್ಮೆಂಟ್ ಕೆಲಸಕ್ಕೆ ರಜೆ ಹಾಕಿ ಬಂದವರೂ ಇದ್ದಾರೆ.

ಬಲಿಯ ವಿಷಯದಲ್ಲಿ ಊರುಗಳು ಬೇರೆ ಬೇರೆ ದಾರಿ ಹಿಡಿದವು. ಕೋಣದ ಬಲಿ ಬಹುಮಟ್ಟಿಗೆ ನಿಂತಿತು. ಕೆಲವೆಡೆ ಬೂದುಗುಂಬಳ ಒಡೆದು ಕುಂಕುಮ ಹಚ್ಚುವುದು ಅದರ ಜಾಗಕ್ಕೆ ಬಂತು. ಕುರಿ, ಕೋಳಿ ಗುಡಿಯ ಮುಂದಿನಿಂದ ಹೊಲದ ಬದುವಿಗೆ, ಮನೆಯ ಹಿತ್ತಿಲಿಗೆ ಸರಿದವು. ಹಬ್ಬದ ದಿನ ಪೊಲೀಸರು ಬಂದು ನಿಲ್ಲುವುದೂ ಆಚರಣೆಯ ಒಂದು ಅಂಗದಂತೆ ಆಗಿದೆ.

ಮುಜರಾಯಿಗೆ ಸೇರಿದ ಗುಡಿಗಳಿಗೆ ಇನ್ನೊಂದು ಚರಿತ್ರೆಯಿದೆ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದ ಮೇಲೆ ದೇವಸ್ಥಾನಗಳನ್ನು ವರಮಾನಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಹುಂಡಿಯ ಎಣಿಕೆ, ಹರಾಜು, ಟೆಂಡರು ತಾಲ್ಲೂಕು ಕಚೇರಿಯ ಕಣ್ಣಿನಡಿ ನಡೆಯುತ್ತವೆ. ದಂಡಿನ ಮಾರಮ್ಮನ ಜಾತ್ರೆಗೆ ಮುನ್ನ ಅಧಿಕಾರಿಗಳು ಕರೆಯುವ ಪೂರ್ವಭಾವಿ ಸಭೆಯಲ್ಲಿ ಕುಡಿಯುವ ನೀರು, ವಿದ್ಯುತ್ತು, ಬಸ್ಸು, ಬಂದೋಬಸ್ತು, ದನಗಳಿಗೆ ಲಸಿಕೆ ಎಲ್ಲವೂ ಚರ್ಚೆಗೆ ಬರುತ್ತವೆ. ಸಾರು ಹಾಕುವ ತಳವಾರನ ಜಾಗದಲ್ಲಿ ಆಹ್ವಾನ ಪತ್ರಿಕೆ, ಫ್ಲೆಕ್ಸು, ವಾಟ್ಸಾಪು ಬಂದಿವೆ.

ಗೊರವನಹಳ್ಳಿಯ ಇನ್ನೊಂದು ದಾರಿ

ಹಳ್ಳಿಯ ಒಂದು ಕಲ್ಲು ರಾಜ್ಯವೇ ಬಲ್ಲ ಕ್ಷೇತ್ರವಾಗುವುದು ಹೇಗೆ ಎಂಬುದಕ್ಕೆ ಇದೇ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಉದಾಹರಣೆ. ಕ್ಷೇತ್ರದ ಕಥನದಲ್ಲಿ ದನ ಕಾಯುತ್ತಿದ್ದ ಅಬ್ಬಯ್ಯ ಎಂಬ ಬಡವನಿಗೆ ಕೆರೆಯ ಬಳಿ ಅಮ್ಮನ ದನಿ ಕೇಳುತ್ತದೆ. ಅವನು ಕಲ್ಲನ್ನು ಮನೆಗೆ ತಂದು ಪೂಜಿಸುತ್ತಾನೆ. ಅವನ ನಂತರ ತಮ್ಮ ತೋಟದಪ್ಪ ಗುಡಿ ಕಟ್ಟುತ್ತಾನೆ. ಕೆಲವು ಕಾಲ ದೀಪವಿಲ್ಲದೆ ಉಳಿದ ಗುಡಿಗೆ 1925ರಲ್ಲಿ ಕಮಲಮ್ಮ ಬಂದರು, ಹೋದರು, 1952ರಲ್ಲಿ ಮತ್ತೆ ಬಂದು ನೆಲೆನಿಂತರು. ಇಂದಿನ ಮಹಾಲಕ್ಷ್ಮಿ ಕ್ಷೇತ್ರ ಬೆಳೆದದ್ದು ಅವರ ಕೈಯಲ್ಲಿ. ಶುಕ್ರವಾರ, ಮಂಗಳವಾರಗಳಂದು ಬೆಂಗಳೂರಿನಿಂದ ಬರುವ ವಾಹನಗಳ ಸಾಲು ನೋಡಿದರೆ ದನಗಾಹಿಯೊಬ್ಬನ ಕೆರೆಯ ಬದಿಯಿಂದ ಶುರುವಾದದ್ದು ಎಲ್ಲಿಗೆ ಬಂತು ಎಂದು ತಿಳಿಯುತ್ತದೆ.

ಗ್ರಾಮದೇವತೆಯ ಕಥೆಗಳ ಮೊದಲರ್ಧವೇ ಗೊರವನಹಳ್ಳಿಯ ಕಥೆಯ ಮೊದಲರ್ಧ: ಕೆರೆ, ದನ, ಬಡವ, ಕಲ್ಲು. ಎರಡನೆಯ ಅರ್ಧದಲ್ಲಿ ದಾರಿ ಬೇರೆಯಾಗುತ್ತದೆ. ಅಲ್ಲಿಗೆ ಬರುವವರು ಊರಿನ ಬಾಧ್ಯತೆಯಿಂದ ಬಂದವರಲ್ಲ, ಸ್ವಂತ ಹರಕೆಯಿಂದ ಬಂದವರು. ಅವರಿಗೆ ಗಡಿ ಸುತ್ತುವ ಕೆಲಸವಿಲ್ಲ, ಸಾರು ಹಾಕಿದ ಮೇಲಿನ ಕಟ್ಟುಗಳಿಲ್ಲ. ಭಕ್ತಿ ಕಡಿಮೆಯೆಂದಲ್ಲ, ಅದರ ಲೆಕ್ಕ ಮನೆಮನೆಯದು. ಹಳ್ಳಿಯ ಮಾರಮ್ಮನ ಲೆಕ್ಕ ಊರಿನದು. ಮನೆಗೆ ಇಷ್ಟೆಂದು ಹಬ್ಬದ ಪಟ್ಟಿ ಎತ್ತುವಾಗ ಸಾಲದಲ್ಲಿರುವವನ ಮನೆಯೂ ತಪ್ಪುವಂತಿಲ್ಲ. ಪಟ್ಟಿ ಕೊಡದವನು ಊರಿಂದ ಹೊರಗಾದಂತೆ.

ಜೀರ್ಣೋದ್ಧಾರದಲ್ಲಿ ಏನು ಉಳಿಯಬೇಕು

ಈ ಸೀಮೆಯಲ್ಲಿ ಇಂದು ಜೀರ್ಣೋದ್ಧಾರವಾಗದ ಅಮ್ಮನ ಗುಡಿ ಸಿಗುವುದು ಕಷ್ಟ. ಹೆಂಚಿನ ಮಾಡು ಹೋಗಿ ಆರ್‌ಸಿಸಿ ಬಂದಿದೆ. ಗುಂಡುಕಲ್ಲಿಗೆ ಬೆಳ್ಳಿಯ ಮುಖವಾಡ, ನೆಲಕ್ಕೆ ಗ್ರಾನೈಟು, ಗೋಪುರಕ್ಕೆ ಕಳಶ, ಕುಂಭಾಭಿಷೇಕಕ್ಕೆ ಹೋಮ. ಊರಿನವರು ದುಡಿದು ಕೂಡಿಸಿದ ಹಣದಲ್ಲಿ ತಮ್ಮ ತಾಯಿಗೆ ಒಳ್ಳೆಯ ಮನೆ ಕಟ್ಟುವುದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಗೋಡೆಯ ಮೇಲಿನ ದಾನಿಗಳ ಕಲ್ಲೇ ಈ ಗುಡಿಗಳ ಮೊದಲ ಶಾಸನ. ಅದರಲ್ಲಿ ಸಿಮೆಂಟು ಕೊಟ್ಟವರ ಹೆಸರಿದೆ, ಬಾಗಿಲು ಮಾಡಿಸಿದವರ ಹೆಸರಿದೆ, ಫ್ಯಾನು ಹಾಕಿಸಿದವರದ್ದೂ ಇದೆ. ನಾಲ್ಕು ತಲೆಮಾರು ಮಡಕೆ ತಂದುಕೊಟ್ಟ ಕುಂಬಾರರ ಮನೆಯ ಹೆಸರಿಲ್ಲ. ರಾತ್ರಿಯಿಡೀ ಹಾಡಿದ ಅಸಾದಿಗಳದ್ದಿಲ್ಲ. ಮಾರಿಯನ್ನು ಕತ್ತಲಲ್ಲಿ ಗಡಿ ದಾಟಿಸಿದವರದ್ದಿಲ್ಲ. ಆರತಿ ಹೊತ್ತ ಹೆಣ್ಣುಮಕ್ಕಳದ್ದಂತೂ ಇಲ್ಲವೇ ಇಲ್ಲ.

ಕಟ್ಟಡ ಹಳತಾದರೆ ಮತ್ತೆ ಕಟ್ಟಬಹುದು. ಹಾಡು ಬಲ್ಲ ಕೊನೆಯ ಅಸಾದಿ ತೀರಿಕೊಂಡರೆ, ಯಾವ ಬಡಿತಕ್ಕೆ ಅಮ್ಮ ಗುಡಿಯಿಂದ ಹೊರಡಬೇಕು, ಯಾವ ಬಡಿತಕ್ಕೆ ಗಡಿಯಲ್ಲಿ ನಿಲ್ಲಬೇಕು ಎಂದು ಬಲ್ಲ ತಮಟೆಯವರು ಹೋದರೆ, ಅದನ್ನು ಟೆಂಡರು ಕರೆದು ತರಿಸಲಾಗದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಊರೂರಿನ ಜಾತ್ರೆಗಳು ನಿಂತವು. ಬೇನೆಯನ್ನು ಕಳೆಯಲೆಂದು ನಡೆಯುತ್ತಿದ್ದ ಹಬ್ಬ ಬೇನೆಯ ಕಾರಣಕ್ಕೇ ನಿಂತದ್ದು ಹಳಬರಿಗೆ ವಿಚಿತ್ರವೆನಿಸಿತು. ಆಮೇಲೆ ಹಬ್ಬ ಮತ್ತೆ ಶುರುವಾದಾಗ ಎಷ್ಟೋ ಊರುಗಳಲ್ಲಿ ‘ಇದನ್ನ ಯಾರು ಮಾಡ್ತಿದ್ರು?’ ಎಂದು ಕೇಳಿ ತಿಳಿಯಬೇಕಾಯಿತು. ಬಲ್ಲ ಹಿರಿಯರಲ್ಲಿ ಕೆಲವರು ಆ ಎರಡು ವರ್ಷಗಳಲ್ಲೇ ಹೋಗಿದ್ದರು.

ಆದ್ದರಿಂದ ಪ್ರತಿ ಗುಡಿಯ ಸಮಿತಿಯೂ ಜಮಾ-ಖರ್ಚಿನ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಬೇಕು. ಹಬ್ಬದ ಪ್ರತಿ ಕೆಲಸ, ಅದನ್ನು ಮಾಡುತ್ತಾ ಬಂದ ಮನೆತನ, ಅವರಿಗೆ ಹಿಂದೆ ಸಲ್ಲುತ್ತಿದ್ದ ಪಾಲು, ಇಂದು ಕೊಡುವ ಸಂಭಾವನೆ, ಸಾರು ಹಾಕಿದ ಮೇಲಿನ ಕಟ್ಟುಗಳು, ಚರಗ ಚೆಲ್ಲುತ್ತಾ ಸುತ್ತುವ ಎಲ್ಲೆಯ ಗುರುತುಗಳು ಅದರಲ್ಲಿ ಬರೆದಿರಬೇಕು. ಅಸಾದಿಗಳ ಹಾಡು, ತಮಟೆಯ ಬಡಿತಗಳನ್ನು ಅವರ ಹೆಸರಿನಲ್ಲೇ, ಅವರಿಗೆ ಹಣ ಕೊಟ್ಟೇ ರೆಕಾರ್ಡ್ ಮಾಡಬೇಕು. ಹಿಂದೆ ಹೊರಗೆ ನಿಲ್ಲಿಸಿದ್ದವರಿಗೆ ಸಮಿತಿಯಲ್ಲಿ ಜಾಗ ಇರಬೇಕು. ಅವರಿಲ್ಲದೆ ಬರೆದ ಪುಸ್ತಕ ಅರ್ಧ ಪುಸ್ತಕ. ದುರ್ಗದ ಸೀಮೆಯನ್ನು ಆಳಿದ ಗೌಡರು, ಒಡೆಯರು, ಸುಬೇದಾರರು, ಪೇಶ್ವೆಗಳು ಕಟ್ಟಿಸಿದ, ಗೆದ್ದ ಕೋಟೆಗಳಿಗೆ ಇಂದು ಪುರಾತತ್ವದವರ ಫಲಕಗಳಿವೆ, ಒಳಗೆ ವಾಸ ಇಲ್ಲ. ಅಮ್ಮನ ಗುಡಿಯಲ್ಲಿ ಇಂದಿಗೂ ವಾಸ ಇದೆ. ಯಾಕೆ ಇದೆ ಎಂಬುದನ್ನು ಮುಂದಿನ ಜಾತ್ರೆಯ ಪಟ್ಟಿ ಎತ್ತುವ ಹುಡುಗರಿಗೆ ಹೆಸರು ಹಿಡಿದು ಹೇಳಲು ಬರಬೇಕು. ಮುಂದಿನ ಸ್ಮರಣ ಸಂಚಿಕೆಯನ್ನು ಆ ಪುಸ್ತಕದಿಂದಲೇ ಎತ್ತಿ ಅಚ್ಚುಮಾಡುವಂತಾಗಲಿ.